ಕಲ್ಲಿದ್ದಲು, ತೈಲದಿಂದ ಹಣ ತೆಗೆಯಿರಿ ಎಂದು ಪಿಂಚಣಿ ನಿಧಿಯನ್ನು ಕೇಳಬಹುದೇ?

ಪ್ರಶ್ನೆ: ನಾನು ಭೌತಶಾಸ್ತ್ರದ ಅಧ್ಯಾಪಕಿಯಾಗಿದ್ದು, ಏಳು ವರ್ಷದ ಹಿಂದೆ ನಿವೃತ್ತಳಾದೆ. ತಿಂಗಳ ಪಿಂಚಣಿಯೇ ನನ್ನ ಮುಖ್ಯ ಆದಾಯ. ನಮ್ಮ ಪಿಂಚಣಿ ನಿಧಿಯ ವಾರ್ಷಿಕ ವರದಿಯನ್ನು ಕುತೂಹಲಕ್ಕೆ ಓದಿದಾಗ ಕಲ್ಲಿದ್ದಲು ಗಣಿ, ತೈಲ, ಅನಿಲ ಕಂಪನಿಗಳ ಷೇರು ಮತ್ತು ಬಾಂಡ್‌ಗಳು ಅದರಲ್ಲಿ ಇರುವುದು ತಿಳಿಯಿತು. ಮೂವತ್ತು ವರ್ಷ ತರಗತಿಯಲ್ಲಿ ಹಸಿರುಮನೆ ಪರಿಣಾಮ ಪಾಠ ಮಾಡಿದವಳಿಗೆ ಇದು ಚುಚ್ಚಿತು. ನಮ್ಮ ನಿವೃತ್ತರ ಸಂಘದ ಸುಮಾರು ನಾನೂರು ಮಂದಿ ಸಹಿ ಹಾಕಿ, ಈ ಹೂಡಿಕೆಗಳನ್ನು ಹಿಂತೆಗೆಯಬೇಕೆಂದು ಮನವಿ ಕಳುಹಿಸಿದೆವು. ‘ಸದಸ್ಯರಿಗೆ ಗರಿಷ್ಠ ಪ್ರತಿಫಲ ತರುವುದಷ್ಟೇ ನಮ್ಮ ಕರ್ತವ್ಯ. ಬೇರೆ ವಿಚಾರಗಳನ್ನು ಪರಿಗಣಿಸಲು ಕಾನೂನಿನಲ್ಲಿ ಅವಕಾಶವಿಲ್ಲ’ ಎಂದು ಎರಡು ಸಾಲಿನ ಉತ್ತರ ಬಂತು. ಸಂಘದಲ್ಲೇ ಇರುವ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ಸಹಿ ಹಾಕಲಿಲ್ಲ. ‘2022ರಲ್ಲಿ ಉಳಿದೆಲ್ಲ ಷೇರುಗಳು ಮುಗ್ಗರಿಸಿದಾಗ ಕೈಹಿಡಿದದ್ದು ತೈಲವೇ. ಉಂಡ ಮನೆಯ ಜಂತೆ ಎಣಿಸಬೇಡಿ. ಅಲ್ಲದೆ ನೀವು ಮಾರಿದ್ದನ್ನು ಇನ್ನೊಬ್ಬ ಕೊಳ್ಳುತ್ತಾನೆ, ಹೊಗೆ ನಿಲ್ಲುವುದಿಲ್ಲ’ ಎನ್ನುತ್ತಾರೆ. ನಿಧಿಯ ಉತ್ತರ ನಿಜವೇ? ನನ್ನ ಪಿಂಚಣಿ ಕಡಿಮೆಯಾಗಬಹುದೇ? ಮಾರಿದರೆ ಏನಾದರೂ ಪ್ರಯೋಜನವಿದೆಯೇ? ಮುಂದೆ ಏನು ಮಾಡಬೇಕು?

ಉತ್ತರ: ನಿಮ್ಮ ನಾಲ್ಕು ಪ್ರಶ್ನೆಗಳ ಅಡಿಯಲ್ಲಿ ಒಂದೇ ಅಳುಕು ಇರುವಂತೆ ನನಗೆ ತೋರುತ್ತದೆ. ಸರಿಯೆಂದು ಕಂಡದ್ದನ್ನು ಕೇಳಲು ಹೋಗಿ ನಾನೂರು ಜನರ ಅನ್ನಕ್ಕೆ ಕಲ್ಲು ಹಾಕುತ್ತಿದ್ದೇನೆಯೇ ಎಂಬ ಅಳುಕು ಅದು. ಅಂಥ ಅಳುಕು ಇರುವುದು ಒಳ್ಳೆಯದೇ. ಅದಿಲ್ಲದೆ ಮನವಿ ಬರೆಯುವವರನ್ನು ಯಾವ ಟ್ರಸ್ಟಿಯೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ.

ಆ ಎರಡು ಸಾಲಿನ ಪತ್ರದಿಂದ ಶುರು ಮಾಡೋಣ. ಪಿಂಚಣಿ ನಿಧಿಗಳ ಹೂಡಿಕೆ ವಿಭಾಗದಲ್ಲಿ ಎರಡು ದಶಕಕ್ಕೂ ಹೆಚ್ಚು ಕೆಲಸ ಮಾಡಿದವನು ನಾನು. ಅಂಥ ಪತ್ರಗಳನ್ನು ಸ್ವತಃ ಬರೆದಿದ್ದೇನೆ. ‘ಮೊಮ್ಮಕ್ಕಳ ಭವಿಷ್ಯವನ್ನು ನೆನೆದು ದಯವಿಟ್ಟು ಈ ಹೂಡಿಕೆ ಕೈಬಿಡಿ’ ಎಂಬ ಮನವಿ ಸಮಿತಿಯ ಮುಂದೆ ಬಂದಾಗ ಎಲ್ಲರೂ ಗೌರವದಿಂದ ತಲೆಯಾಡಿಸುತ್ತಾರೆ, ಆಮೇಲೆ ವಕೀಲರು ಸಿದ್ಧವಾಗಿಟ್ಟ ವಾಕ್ಯ ಅಂಚೆಗೆ ಹೋಗುತ್ತದೆ. ಅದರಲ್ಲಿ ದುರುದ್ದೇಶವೇನೂ ಇರುವುದಿಲ್ಲ. ನಮ್ಮ ಲೆಕ್ಕದ ಹಾಳೆಯಲ್ಲಿ ಮೊಮ್ಮಕ್ಕಳಿಗೆ ಕಾಲಂ ಇರಲಿಲ್ಲ, ಅಷ್ಟೇ.

ಆ ವಾಕ್ಯ ಅರ್ಧ ನಿಜ. ಟ್ರಸ್ಟಿಗಳು ಪರರ ಹಣ ನೋಡಿಕೊಳ್ಳುವವರು. ತಮ್ಮ ರಾಜಕೀಯ, ತಮ್ಮ ಸಿದ್ಧಾಂತಕ್ಕಾಗಿ ಆ ಹಣವನ್ನು ತಿರುಗಿಸುವಂತಿಲ್ಲ ಎಂಬುದು ಬಹುತೇಕ ದೇಶಗಳ ನಿಯಮ. ಇದಕ್ಕೆ ಎಲ್ಲರೂ ಉದಾಹರಿಸುವುದು ಬ್ರಿಟನ್ನಿನ 1984ರ ಒಂದು ತೀರ್ಪನ್ನು. ಅದರ ವ್ಯಂಗ್ಯ ನಿಮಗೆ ಇಷ್ಟವಾಗಬಹುದು. ಅಲ್ಲಿ ದಾವೆ ನಡೆದದ್ದು ಕಲ್ಲಿದ್ದಲು ಗಣಿಕಾರ್ಮಿಕರ ಪಿಂಚಣಿ ನಿಧಿಯ ಬಗ್ಗೆ. ಆರ್ಥರ್ ಸ್ಕಾರ್ಗಿಲ್ ನೇತೃತ್ವದ ಕಾರ್ಮಿಕ ಸಂಘದ ಟ್ರಸ್ಟಿಗಳು, ಕಲ್ಲಿದ್ದಲಿಗೆ ಪೈಪೋಟಿ ಕೊಡುವ ಬೇರೆ ಇಂಧನಗಳಲ್ಲಿ ಹಣ ತೊಡಗಿಸಬಾರದು, ವಿದೇಶಿ ಹೂಡಿಕೆಯೂ ಬೇಡ ಎಂದು ಪಟ್ಟು ಹಿಡಿದಿದ್ದರು. ಎಂದರೆ, ಕಲ್ಲಿದ್ದಲನ್ನು ಉಳಿಸಲು ತೈಲದಿಂದ ದೂರವಿರಿ ಎಂಬ ಬೇಡಿಕೆ! ನ್ಯಾಯಾಧೀಶ ಮೆಗರಿ ಒಪ್ಪಲಿಲ್ಲ. ಸದಸ್ಯರ ಹಿತವೇ ಮೊದಲು, ಸಾಮಾನ್ಯವಾಗಿ ಅದು ಆರ್ಥಿಕ ಹಿತ ಎಂದರು. ಆದರೆ ಅದೇ ತೀರ್ಪಿನಲ್ಲಿ ಇನ್ನೊಂದು ಮಾತೂ ಇದೆ, ಅದನ್ನು ಯಾರೂ ಪತ್ರಗಳಲ್ಲಿ ಬರೆಯುವುದಿಲ್ಲ. ಫಲಾನುಭವಿಗಳೆಲ್ಲರೂ ಮದ್ಯ, ತಂಬಾಕು, ಶಸ್ತ್ರಾಸ್ತ್ರಗಳನ್ನು ಕಟುವಾಗಿ ವಿರೋಧಿಸುವ ವಯಸ್ಕರಾಗಿದ್ದರೆ, ಅವುಗಳಿಂದ ಬರುವ ಹೆಚ್ಚಿನ ಲಾಭ ಅವರ ಪಾಲಿಗೆ ‘ಹಿತ’ ಆಗದಿರಬಹುದು ಎಂದು ಅವರೇ ಒಪ್ಪಿಕೊಂಡಿದ್ದರು.

ಮೂವತ್ತು ವರ್ಷಗಳ ನಂತರ, 2014ರಲ್ಲಿ, ಇಂಗ್ಲೆಂಡ್ ಮತ್ತು ವೇಲ್ಸ್‌ನ ಕಾನೂನು ಆಯೋಗ ಈ ಗೊಂದಲವನ್ನು ಬಿಡಿಸಿ ಹೇಳಿತು. ಹೂಡಿಕೆಯ ಮೌಲ್ಯಕ್ಕೆ ತಟ್ಟುವ ಯಾವುದೇ ಅಪಾಯ ಆರ್ಥಿಕ ವಿಚಾರವೇ. ಅದು ಹವಾಮಾನದಿಂದ ಬಂದರೂ ಅಷ್ಟೇ, ಬಡ್ಡಿ ದರದಿಂದ ಬಂದರೂ ಅಷ್ಟೇ. ಅದನ್ನು ಟ್ರಸ್ಟಿಗಳು ತೂಗಿ ನೋಡಲೇಬೇಕು. ಇನ್ನು ಶುದ್ಧ ನೈತಿಕ ಕಾರಣಕ್ಕಾದರೆ ಎರಡು ಷರತ್ತು: ಸದಸ್ಯರು ಆ ಕಾಳಜಿಯನ್ನು ಹಂಚಿಕೊಳ್ಳುತ್ತಾರೆ ಎಂದು ನಂಬಲು ಟ್ರಸ್ಟಿಗಳಿಗೆ ಸಕಾರಣವಿರಬೇಕು, ನಿಧಿಗೆ ಗಣನೀಯ ನಷ್ಟದ ಅಪಾಯ ಇರಬಾರದು. ನಿಮ್ಮ ದೇಶದ ನಿಯಮದ ಮಾತುಗಳು ಬೇರೆ ಇರಬಹುದು, ತರ್ಕ ಬಹುತೇಕ ಇದೇ. ಆದ್ದರಿಂದ ‘ಪರಿಗಣಿಸಲು ಅವಕಾಶವಿಲ್ಲ’ ಎಂಬುದು ಬೀಸು ಮಾತು. ಪರಿಗಣಿಸಿ ‘ಬೇಡ’ ಎನ್ನಲು ಅವರಿಗೆ ಅಧಿಕಾರವಿದೆ. ಪರಿಗಣಿಸದೇ ಇರಲು ಕಾನೂನನ್ನು ನೆಪ ಮಾಡಿಕೊಳ್ಳುವುದು ಸರಿಯಲ್ಲ.

ಈಗ ನಿಮ್ಮ ಪಿಂಚಣಿಯ ಮಾತು. ಇಲ್ಲಿ ಮೊದಲು ತಿಳಿಯಬೇಕಾದದ್ದು ನಿಮ್ಮದು ಯಾವ ಬಗೆಯ ನಿಧಿ ಎಂಬುದು. ಸೇವಾವಧಿ ಮತ್ತು ಸಂಬಳದ ಲೆಕ್ಕದಲ್ಲಿ ಮೊತ್ತ ನಿಗದಿಯಾಗಿರುವ ಖಚಿತ ಪಿಂಚಣಿಯಾದರೆ, ಮಾರುಕಟ್ಟೆ ಏರಲಿ ಇಳಿಯಲಿ, ನಿಮ್ಮ ತಿಂಗಳ ಮೊತ್ತ ಸಾಮಾನ್ಯವಾಗಿ ಅಲ್ಲಾಡುವುದಿಲ್ಲ. ನಷ್ಟವಾದರೆ ಅದನ್ನು ತುಂಬಿಕೊಡಬೇಕಾದವರು ಉದ್ಯೋಗದಾತರು, ಕೆಲವು ಕಡೆ ಈಗ ದುಡಿಯುತ್ತಿರುವ ಕಿರಿಯ ಸದಸ್ಯರು. ಬೆಲೆಯೇರಿಕೆಗೆ ತಕ್ಕಂತೆ ಪಿಂಚಣಿ ಹೆಚ್ಚಿಸುವುದು ನಿಧಿಯ ಆರೋಗ್ಯವನ್ನು ಅವಲಂಬಿಸಿದ್ದರೆ ಮಾತ್ರ ನಿಮಗೂ ಬಿಸಿ ತಟ್ಟಬಹುದು, ಹಾಗಾಗಿ ನಿಯಮಾವಳಿಯ ಆ ಒಂದು ಪುಟವನ್ನು ಓದಿ. ವಂತಿಗೆ ಆಧಾರಿತ ನಿಧಿಯಾದರೆ, ಎಂದರೆ ನಿಮ್ಮ ಹೆಸರಿನಲ್ಲಿ ಕೂಡಿದ ಹಣ ಬೆಳೆದಷ್ಟೇ ನಿಮಗೆ ಎಂಬಂತಿದ್ದರೆ, ಏರಿಳಿತ ನೇರವಾಗಿ ನಿಮ್ಮದೇ. ನೀವು ‘ತಿಂಗಳ ಪಿಂಚಣಿ’ ಎಂದು ಬರೆದ ರೀತಿ ನೋಡಿದರೆ ಮೊದಲನೆಯದೇ ಇರಬಹುದು.

ಖಚಿತ ಪಿಂಚಣಿಯವರಿಗೆ ಇದು ನೆಮ್ಮದಿಯ ಸಂಗತಿ. ಆದರೆ ನ್ಯಾಯಾಲಯದಲ್ಲಿ ಇದೇ ತೊಡಕು. 2020ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ನಿಧಿಯ ನಿರ್ವಹಣೆ ಸರಿಯಿಲ್ಲವೆಂದು ದಾವೆ ಹೂಡಿದ್ದ ಇಬ್ಬರು ನಿವೃತ್ತರಿಗೆ ‘ನಿಮ್ಮ ಪಿಂಚಣಿ ಒಂದು ಡಾಲರೂ ಕಡಿಮೆಯಾಗಿಲ್ಲ, ಹಾಗಾಗಿ ದಾವೆ ಹೂಡುವ ಅರ್ಹತೆ ನಿಮಗಿಲ್ಲ’ ಎಂಬರ್ಥದ ಉತ್ತರ ಕೊಟ್ಟಿತು. ಸ್ವಾರಸ್ಯವೆಂದರೆ, ಇದೇ ತರ್ಕ ಹೂಡಿಕೆ ಹಿಂತೆಗೆಯುವುದನ್ನು ವಿರೋಧಿಸುವವರಿಗೂ ಮುಳುವಾಯಿತು. ನ್ಯೂಯಾರ್ಕ್ ನಗರದ ಪಿಂಚಣಿ ನಿಧಿಗಳು ಇಂಧನ ಷೇರುಗಳನ್ನು ಮಾರಿದ್ದು ತಪ್ಪು ಎಂದು ಕೆಲವು ನೌಕರರು 2023ರಲ್ಲಿ ದಾವೆ ಹೂಡಿದರು. 2024ರಲ್ಲಿ ಅದು ವಜಾ ಆಯಿತು, ಅವರ ಪಿಂಚಣಿಯೂ ಖಚಿತವೇ ಆಗಿತ್ತು! ಬ್ರಿಟನ್ನಿನ ವಿಶ್ವವಿದ್ಯಾಲಯಗಳ ನಿಧಿಯ ವಿರುದ್ಧ ಇಬ್ಬರು ಸದಸ್ಯರು ಮಾಡಿದ ಪ್ರಯತ್ನವೂ 2023ರಲ್ಲಿ ಮೇಲ್ಮನವಿ ಹಂತದಲ್ಲಿ ಬಿದ್ದುಹೋಯಿತು. ಫಲ ಕಂಡದ್ದು ಆಸ್ಟ್ರೇಲಿಯಾದ ಒಬ್ಬ ತರುಣ. ರೆಸ್ಟ್ ಎಂಬ ವಂತಿಗೆ ಆಧಾರಿತ ನಿಧಿಯನ್ನು ಆತ 2018ರಲ್ಲಿ ನ್ಯಾಯಾಲಯಕ್ಕೆ ಎಳೆದ. ಕೇಳಿದ್ದು ‘ಹವಾಮಾನದ ಅಪಾಯವನ್ನು ನೀವು ಹೇಗೆ ಅಳೆಯುತ್ತಿದ್ದೀರಿ, ತೋರಿಸಿ’ ಎಂದು. 2020ರ ನವೆಂಬರ್‌ನಲ್ಲಿ ರಾಜಿಯಾಗಿ, ನಿಧಿ 2050ರೊಳಗೆ ನಿವ್ವಳ ಶೂನ್ಯ ಹೊರಸೂಸುವಿಕೆಯ, ಎಂದರೆ ಗಾಳಿಗೆ ಸೇರುವಷ್ಟೇ ಹಸಿರುಮನೆ ಅನಿಲ ಹಿಂತೆಗೆಯಲ್ಪಡುವ ಸ್ಥಿತಿಯ, ಗುರಿಯನ್ನು ಒಪ್ಪಿತು. ಆತ ಕೇಳಿದ್ದು ‘ಮಾರಿ’ ಎಂದಲ್ಲ, ‘ತೋರಿಸಿ’ ಎಂದು. ಇದನ್ನು ನೆನಪಿಡಿ.

ನಿಮ್ಮ ಬ್ಯಾಂಕ್ ಗೆಳೆಯರ ಮಾತಿಗೆ ಬರೋಣ. 2022ರ ಬಗ್ಗೆ ಅವರು ಹೇಳಿದ್ದು ಸತ್ಯ. ಅಮೆರಿಕದ ದೊಡ್ಡ ಕಂಪನಿಗಳ ಷೇರು ಬೆಲೆಯನ್ನು ಅಳೆಯುವ ಎಸ್ ಆ್ಯಂಡ್ ಪಿ 500 ಸೂಚ್ಯಂಕ ಆ ವರ್ಷ ಸುಮಾರು ಐದನೇ ಒಂದು ಭಾಗ ಕುಸಿದರೆ, ಅದರೊಳಗಿನ ಇಂಧನ ಷೇರುಗಳು ಶೇ 60ರ ಆಸುಪಾಸು ಏರಿದವು. 2021ರಲ್ಲಿ ಮಾರಿದವರು ಕೈಕೈ ಹಿಸುಕಿಕೊಂಡರು. ಆದರೆ ನಿಮ್ಮ ಗೆಳೆಯರು ಎರಡು ವರ್ಷ ಹಿಂದಕ್ಕೆ ಹೋಗಲಿಲ್ಲ. 2020ರಲ್ಲಿ ಅದೇ ಸೂಚ್ಯಂಕ ಶೇ 16 ಏರಿತ್ತು, ಇಂಧನ ಷೇರುಗಳು ಮೂರನೇ ಒಂದು ಭಾಗ ಕಳೆದುಕೊಂಡಿದ್ದವು. ಆ ಏಪ್ರಿಲ್‌ನಲ್ಲಿ ಅಮೆರಿಕದ ಕಚ್ಚಾತೈಲದ ವಾಯಿದಾ ಬೆಲೆ (ಮುಂದೆ ಒಪ್ಪಿಸುವ ತೈಲಕ್ಕೆ ಈಗಲೇ ಗೊತ್ತುಮಾಡುವ ಬೆಲೆ) ಸೊನ್ನೆಗಿಂತ ಕೆಳಕ್ಕಿಳಿದಿತ್ತು, ತೈಲ ಒಯ್ಯುವವನಿಗೇ ಹಣ ಕೊಡುವ ಸ್ಥಿತಿ! ಇನ್ನೂ ಹಿಂದಕ್ಕೆ ಹೋದರೆ, 1980ರಲ್ಲಿ ಆ ಸೂಚ್ಯಂಕದ ಮೌಲ್ಯದಲ್ಲಿ ಇಂಧನದ ಪಾಲು ಕಾಲುಭಾಗಕ್ಕೂ ಹೆಚ್ಚಿತ್ತು. 2020ರ ಕೊನೆಗೆ ಶೇ 3ಕ್ಕಿಂತ ಕೆಳಗೆ ಬಂದಿತ್ತು. ಕಲ್ಲಿದ್ದಲಿನದು ಇನ್ನೂ ಕಷ್ಟದ ಕಥೆ. ಅಮೆರಿಕದ ದೊಡ್ಡ ಗಣಿ ಕಂಪನಿ ಪೀಬಾಡಿ 2016ರ ಏಪ್ರಿಲ್‌ನಲ್ಲಿ ದಿವಾಳಿ ಅರ್ಜಿ ಹಾಕಿತು. ಮರುವರ್ಷ ಅದು ಚೇತರಿಸಿ ಹೊರಬಂತು, ಹಳೆಯ ಷೇರುದಾರರ ಷೇರುಗಳು ಮಾತ್ರ ರದ್ದಾದವು.

ಯಾವ ವರ್ಷದಿಂದ ಎಣಿಸುತ್ತೀರಿ ಎಂಬುದರ ಮೇಲೆ ಇಬ್ಬರೂ ಗೆಲ್ಲಬಹುದು. ನಾನು ಸದಸ್ಯರಿಗೆ ಹೇಳುತ್ತಿದ್ದದ್ದು ಒಂದು ಒರಟು ಲೆಕ್ಕ. ನಿಧಿಯ ಅರ್ಧ ಹಣ ಷೇರುಗಳಲ್ಲಿದೆ, ಅದರಲ್ಲಿ ಶೇ 4 ಇಂಧನದ್ದು ಎಂದಿಟ್ಟುಕೊಳ್ಳಿ. ಒಟ್ಟು ನಿಧಿಯ ಶೇ 2 ಆಯಿತು. ಅದನ್ನು ಮಾರಿ ಬೇರೆಡೆ ಹಾಕಿದ ಹಣ ವರ್ಷಕ್ಕೆ ಶೇ 5ರಷ್ಟು ಕಡಿಮೆ ಗಳಿಸಿತು ಎಂದರೂ, ಇಡೀ ನಿಧಿಗೆ ಆಗುವ ನಷ್ಟ ವರ್ಷಕ್ಕೆ ಸಾವಿರಕ್ಕೆ ಒಂದು ರೂಪಾಯಿ. ಲಾಭವಾದರೂ ಅಷ್ಟೇ. ‘ನಿಮ್ಮ ಅನ್ನ ಹೋಯಿತು’ ಎನ್ನುವವರೂ, ‘ಮಾರಿದರೆ ನಿಧಿ ಉದ್ಧಾರ’ ಎನ್ನುವವರೂ ಉತ್ಪ್ರೇಕ್ಷೆ ಮಾಡುತ್ತಿದ್ದಾರೆ. ನಿಜವಾದ ಖರ್ಚು ಇರುವುದು ಬೇರೆ ಕಡೆ: ಅವಸರದಲ್ಲಿ ಮಾರಿದಾಗ ಸಿಗುವ ಕಡಿಮೆ ಬೆಲೆಯಲ್ಲಿ, ಸುಲಭವಾಗಿ ಮಾರಲಾಗದ ಖಾಸಗಿ ಹೂಡಿಕೆಗಳಲ್ಲಿ, ಸೂಚ್ಯಂಕದಲ್ಲಿರುವ ಷೇರುಗಳನ್ನೇ ಕೊಳ್ಳುವ ಸಾಧಾರಣ ಸೂಚ್ಯಂಕ ನಿಧಿ ಬಿಟ್ಟು ವಿಶೇಷ ನಿಧಿಗೆ ಹೋದಾಗ ತೆರಬೇಕಾದ ಹೆಚ್ಚಿನ ಶುಲ್ಕದಲ್ಲಿ.

ಜಂತೆಯ ಗಾದೆಯ ಬಗ್ಗೆ ಒಂದು ಮಾತು. ಅದು ಅತಿಥಿಗೆ ಹೇಳಿದ್ದು. ಪಿಂಚಣಿ ನಿಧಿಯಲ್ಲಿ ನೀವು ಅತಿಥಿಯಲ್ಲ, ನಿಮ್ಮ ಸಂಬಳದಿಂದ ಕಟ್ಟಿದ ಮನೆ ಅದು. ಸ್ವಂತ ಮನೆಯ ಜಂತೆಗೆ ಗೆದ್ದಲು ಹಿಡಿದಿದೆಯೇ ಎಂದು ನೋಡದವನನ್ನು ಯಾರೂ ಸಭ್ಯ ಎನ್ನುವುದಿಲ್ಲ.

‘ನೀವು ಮಾರಿದ್ದನ್ನು ಇನ್ನೊಬ್ಬ ಕೊಳ್ಳುತ್ತಾನೆ’ ಎಂಬ ಅವರ ಎರಡನೆಯ ವಾದವೇ ಹೆಚ್ಚು ತೂಕದ್ದು. ಚಳವಳಿಗಾರರು ಇದಕ್ಕೆ ಸಾಮಾನ್ಯವಾಗಿ ನೇರ ಉತ್ತರ ಕೊಡುವುದಿಲ್ಲ, ನಾನು ಕೊಡುತ್ತೇನೆ: ಷೇರಿನ ಮಟ್ಟಿಗೆ ಅವರ ಮಾತು ಬಹುಪಾಲು ಸರಿ. ಷೇರು ಮಾರುಕಟ್ಟೆಯಲ್ಲಿ ನಡೆಯುವುದು ಹಳೆಯ ಷೇರುಗಳ ಕೈಬದಲು. ನಿಮ್ಮ ನಿಧಿ ಮಾರಿದ ದಿನ ತೈಲ ಕಂಪನಿಯ ಖಜಾನೆಯಿಂದ ಒಂದು ಪೈಸೆಯೂ ಹೊರಹೋಗುವುದಿಲ್ಲ. ಸಾವಿರಾರು ಹೂಡಿಕೆದಾರರು ಒಟ್ಟಿಗೆ ದೂರ ಸರಿದರೆ ಬಂಡವಾಳ ತುಸು ದುಬಾರಿಯಾಗಬಹುದು, ಕಂಪನಿಯ ಸಾಮಾಜಿಕ ಮನ್ನಣೆ ಕುಗ್ಗಬಹುದು. ಆದರೆ ಒಂದು ನಿಧಿ ಮಾರಿದ್ದರಿಂದ ಒಂದು ಬಾವಿ ಮುಚ್ಚಿದ್ದನ್ನು ನಾನು ಕಂಡಿಲ್ಲ.

ಬಾಂಡ್ ಹಾಗಲ್ಲ, ಅದು ಕಂಪನಿಗೆ ಕೊಡುವ ಸಾಲ. ಕಂಪನಿ ಹೊಸ ಬಾಂಡ್ ಹೊರಡಿಸಿ ಅದನ್ನು ನಿಮ್ಮ ನಿಧಿ ಕೊಂಡರೆ, ಹಣ ನೇರವಾಗಿ ಕಂಪನಿಗೆ ಹೋಗುತ್ತದೆ, ಅದರಿಂದ ಹೊಸ ಗಣಿ, ಹೊಸ ಕೊಳವೆಮಾರ್ಗ ಬರುತ್ತದೆ. ಖಾಸಗಿ ಮೂಲಸೌಕರ್ಯ ನಿಧಿಗಳ ಮೂಲಕ ಕೊಡುವ ಹಣವೂ ಹೀಗೆಯೇ. ಸಾಲದ ಅವಧಿ ಮುಗಿದಾಗ ಕಂಪನಿ ಮತ್ತೆ ಸಾಲ ಕೊಡುವವರ ಬಾಗಿಲು ತಟ್ಟಲೇಬೇಕು. ಹೂಡಿಕೆದಾರನ ಕೈ ಮೇಲಾಗುವ ಗಳಿಗೆ ಅದು. ಆದರೂ ಮನವಿಗಳೆಲ್ಲ ಷೇರಿನ ಬೆನ್ನು ಹತ್ತುತ್ತವೆ, ಏಕೆಂದರೆ ವಾರ್ಷಿಕ ವರದಿಯಲ್ಲಿ ಷೇರುಗಳ ಪಟ್ಟಿ ಮುಂದಿನ ಪುಟದಲ್ಲಿರುತ್ತದೆ, ಬಾಂಡ್‌ಗಳು ಅನುಬಂಧದಲ್ಲಿ.

ಒಂದು ಸಂಗತಿ ಹೇಳುತ್ತೇನೆ. ನಾನಿದ್ದ ಒಂದು ನಿಧಿಯ ವಾರ್ಷಿಕ ಸಭೆಯಲ್ಲಿ ಲೆಕ್ಕಪತ್ರ ವಿಭಾಗದಿಂದ ನಿವೃತ್ತರಾಗಿದ್ದ ಹಿರಿಯರೊಬ್ಬರು ಎದ್ದು ನಿಂತರು. ಅವರ ಕೈಯಲ್ಲಿ ಘೋಷಣೆಯ ಫಲಕ ಇರಲಿಲ್ಲ, ಅನುಬಂಧದ ಒಂದು ಹಾಳೆ ಇತ್ತು. ‘ಈ ಕಲ್ಲಿದ್ದಲು ವಿದ್ಯುತ್ ಕಂಪನಿಗೆ ನೀವು ಇಪ್ಪತ್ತು ವರ್ಷದ ಸಾಲ ಕೊಟ್ಟಿದ್ದೀರಿ. ಅವರ ವಿದ್ಯುತ್ ಖರೀದಿ ಒಪ್ಪಂದ ಹನ್ನೆರಡು ವರ್ಷಕ್ಕೆ ಮುಗಿಯುತ್ತದೆ. ಉಳಿದ ಎಂಟು ವರ್ಷ ಅವರು ಬಡ್ಡಿಯನ್ನು ಯಾವ ದುಡ್ಡಿನಲ್ಲಿ ಕಟ್ಟುತ್ತಾರೆ?’ ಎಂದು ಕೇಳಿ ಕುಳಿತರು. ಹವಾಮಾನ ಎಂಬ ಪದವನ್ನೇ ಅವರು ಎತ್ತಲಿಲ್ಲ. ವೇದಿಕೆಯ ಮೇಲಿದ್ದ ನಮ್ಮಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ. ಮುಂದಿನ ಮೂರು ತಿಂಗಳಲ್ಲಿ ಅಂಥ ಕಂಪನಿಗಳ ದೀರ್ಘಾವಧಿ ಬಾಂಡ್ ಕೊಳ್ಳುವುದನ್ನು ಸಮಿತಿ ಸದ್ದಿಲ್ಲದೆ ನಿಲ್ಲಿಸಿತು. ಪತ್ರಿಕಾ ಹೇಳಿಕೆ ಇಲ್ಲ, ಪ್ರತಿಜ್ಞೆ ಇಲ್ಲ. ಅಷ್ಟು ವರ್ಷಗಳಲ್ಲಿ ಬಂದ ಯಾವ ಮನವಿಯೂ ಅಷ್ಟು ಕೆಲಸ ಮಾಡಿರಲಿಲ್ಲ.

ಆದ್ದರಿಂದ ನಿಮ್ಮ ಮುಂದಿರುವ ದಾರಿಗಳಲ್ಲಿ ನಾನು ಮೊದಲು ಸೂಚಿಸುವುದು ಇದನ್ನೇ: ಕಲ್ಲಿದ್ದಲಿನಿಂದ ಆರಂಭಿಸಿ, ಹೊಸ ಸಾಲ ಕೊಡುವುದನ್ನು ನಿಲ್ಲಿಸಲು ಕೇಳಿ. ಇರುವ ಬಾಂಡ್‌ಗಳು ಅವಧಿ ಮುಗಿದು ತಾವಾಗಿ ಹಣವಾಗುತ್ತವೆ, ನಷ್ಟಕ್ಕೆ ಮಾರುವ ಪ್ರಸಂಗ ಬರುವುದಿಲ್ಲ. ಇದರ ಅಪಾಯ ಕಡಿಮೆ, ಸದ್ದೂ ಕಡಿಮೆ. ಸುದ್ದಿಯಾಗಬೇಕು ಎನ್ನುವವರಿಗೆ ಇದು ಸಪ್ಪೆ ಎನಿಸುತ್ತದೆ.

ಎರಡನೆಯ ದಾರಿ ಷೇರುದಾರನಾಗಿ ಉಳಿದು ಒಳಗಿನಿಂದ ಒತ್ತಡ ಹಾಕುವುದು. ನಿಧಿಗಳಿಗೆ ಇದು ಬಹಳ ಪ್ರಿಯ, ಏಕೆಂದರೆ ಏನನ್ನೂ ಮಾರಬೇಕಿಲ್ಲ. ಕೆಲವೊಮ್ಮೆ ಇದು ಫಲಿಸುತ್ತದೆ. 2021ರ ಮೇ ತಿಂಗಳಲ್ಲಿ ಎಂಜಿನ್ ನಂಬರ್ 1 ಎಂಬ ಪುಟ್ಟ ಹೂಡಿಕೆ ಸಂಸ್ಥೆ, ಕೇವಲ ಶೇ 0.02ರಷ್ಟು ಷೇರು ಇಟ್ಟುಕೊಂಡು, ದೊಡ್ಡ ಪಿಂಚಣಿ ನಿಧಿಗಳ ಬೆಂಬಲದಿಂದ ಅಮೆರಿಕದ ತೈಲ ಕಂಪನಿ ಎಕ್ಸಾನ್‌ಮೊಬಿಲ್‌ನ ಆಡಳಿತ ಮಂಡಳಿಗೆ ಮೂವರು ನಿರ್ದೇಶಕರನ್ನು ಗೆಲ್ಲಿಸಿತು. ಆಮೇಲೆ ಗಾಳಿ ತಿರುಗಿತು. 2024ರ ಜನವರಿಯಲ್ಲಿ ಅದೇ ಎಕ್ಸಾನ್, ಹವಾಮಾನ ನಿರ್ಣಯ ಮಂಡಿಸಲು ಹೊರಟ ಷೇರುದಾರರನ್ನೇ ನ್ಯಾಯಾಲಯಕ್ಕೆ ಎಳೆಯಿತು. 2030ರ ಹೊತ್ತಿಗೆ ಉತ್ಪಾದನೆಯನ್ನು ಶೇ 40 ತಗ್ಗಿಸುತ್ತೇವೆ ಎಂದು 2020ರಲ್ಲಿ ಹೇಳಿದ್ದ ಬ್ರಿಟನ್ನಿನ ತೈಲ ಕಂಪನಿ ಬಿಪಿ, 2023ರಲ್ಲಿ ಅದನ್ನು ಶೇ 25ಕ್ಕೆ ಇಳಿಸಿ, 2025ರಲ್ಲಿ ಕೈಬಿಟ್ಟಿತು. ಇಂಗ್ಲೆಂಡಿನ ಚರ್ಚ್‌ನ ಪಿಂಚಣಿ ಮಂಡಳಿ ವರ್ಷಗಟ್ಟಲೆ ತೈಲ ಕಂಪನಿ ಶೆಲ್ ಜೊತೆ ಮಾತುಕತೆಯ ಮುಂಚೂಣಿಯಲ್ಲಿದ್ದು, ಕೊನೆಗೆ 2023ರ ಜೂನ್‌ನಲ್ಲಿ ಹೊರನಡೆಯುವುದಾಗಿ ಘೋಷಿಸಿತು. ನಿಮ್ಮ ನಿಧಿ ‘ನಾವು ಮಾತುಕತೆಯಲ್ಲಿದ್ದೇವೆ’ ಎಂದರೆ ಎರಡೇ ಪ್ರಶ್ನೆ ಕೇಳಿ: ಯಾವ ದಿನಾಂಕದವರೆಗೆ? ಕಳೆದ ಸಭೆಯಲ್ಲಿ ಯಾವ ನಿರ್ಣಯಕ್ಕೆ ಯಾವ ಮತ ಹಾಕಿದಿರಿ? ಗಡುವಿಲ್ಲದ ಮಾತುಕತೆ ಎಂದರೆ ಕಾಲಹರಣ.

ಗಡುವು ಇಟ್ಟು ನಡೆದುಕೊಂಡವರಿಗೆ ಒಳ್ಳೆಯ ಉದಾಹರಣೆ ನೆದರ್ಲೆಂಡ್ಸ್‌ನ ಆರೋಗ್ಯ ಕ್ಷೇತ್ರದ ನೌಕರರ ನಿಧಿ ಪಿಎಫ್‌ಝಡ್‌ಡಬ್ಲ್ಯು. ಎರಡು ವರ್ಷ ತೈಲ, ಅನಿಲ ಕಂಪನಿಗಳಿಗೆ ಕಾಲಾವಕಾಶ ಕೊಟ್ಟು, 2024ರ ಫೆಬ್ರುವರಿಯಲ್ಲಿ 310 ಕಂಪನಿಗಳಿಂದ ಹೊರಬಂದಿರುವುದಾಗಿ ಪ್ರಕಟಿಸಿತು, ಏಳನ್ನು ಮಾತ್ರ ಉಳಿಸಿಕೊಂಡಿತು.

ಪೂರ್ತಿ ಹಿಂತೆಗೆತ ಮೂರನೆಯ ದಾರಿ. ಅದೇ ದೇಶದ ಸರ್ಕಾರಿ ನೌಕರರ ಮತ್ತು ಶಿಕ್ಷಕರ ದೈತ್ಯ ನಿಧಿ ಎಬಿಪಿ, ಸದಸ್ಯರ ದೀರ್ಘ ಒತ್ತಾಯದ ಬಳಿಕ 2021ರ ಅಕ್ಟೋಬರ್‌ನಲ್ಲಿ, ಪಳೆಯುಳಿಕೆ ಇಂಧನ ಉತ್ಪಾದಕರಲ್ಲಿದ್ದ ಸುಮಾರು 1,500 ಕೋಟಿ ಯೂರೊ ಹೂಡಿಕೆಯನ್ನು ಬಿಡುವುದಾಗಿ ಹೇಳಿತು. ಅದೂ ಹಂತಹಂತವಾಗಿ, 2023ರ ಆರಂಭದವರೆಗೆ ಸಮಯ ಇಟ್ಟುಕೊಂಡು. ಸುಲಭವಾಗಿ ಮಾರಲಾಗದ ಆಸ್ತಿಗಳಿಗೆ ಇನ್ನಷ್ಟು ಕಾಲ ಬೇಕು ಎಂದಿತು. ಇಲ್ಲಿ ಎಲ್ಲಿ ಗೆರೆ ಎಳೆಯುತ್ತೀರಿ ಎಂಬುದೇ ದೊಡ್ಡ ತಲೆನೋವು. ಗಣಿ ಕಂಪನಿ ಸರಿ, ಅರ್ಧ ಕಲ್ಲಿದ್ದಲು ಅರ್ಧ ಗಾಳಿಯಿಂದ ವಿದ್ಯುತ್ ಮಾಡುವ ಕಂಪನಿ? ಕಲ್ಲಿದ್ದಲು, ತೈಲವನ್ನೇ ನಂಬಿರುವ ಉಕ್ಕು, ಸಿಮೆಂಟ್, ವಿಮಾನ ಸಂಸ್ಥೆ? ತೈಲದ ದುಡ್ಡಿನಿಂದಲೇ ಕಟ್ಟಿದ ನಾರ್ವೆಯ ಸರ್ಕಾರಿ ನಿಧಿ, ಆದಾಯದ ಅಥವಾ ವಿದ್ಯುತ್ ಉತ್ಪಾದನೆಯ ಶೇ 30ರಷ್ಟು ಕಲ್ಲಿದ್ದಲಿನಿಂದ ಬಂದರೆ ಹೊರಗೆ ಎಂಬ ಗೆರೆ ಎಳೆಯಿತು. 2019ರಲ್ಲಿ ತೈಲ ಹುಡುಕುವ, ತೆಗೆಯುವ ಕೆಲಸವನ್ನಷ್ಟೇ ಮಾಡುವ ಕಂಪನಿಗಳನ್ನು ಬಿಡಲು ನಿರ್ಧರಿಸಿದಾಗ ಶೆಲ್, ಬಿಪಿಯಂಥ ದೊಡ್ಡವರನ್ನು ಉಳಿಸಿಕೊಂಡಿತು. ಇದನ್ನು ಕಪಟ ಎಂದವರಿದ್ದಾರೆ. ನನಗೆ ಹಾಗೆನಿಸುವುದಿಲ್ಲ, ಎಲ್ಲಿಯೋ ಒಂದು ಕಡೆ ಗೆರೆ ಎಳೆದೇ ಆಗಬೇಕು. ಆದರೆ ಗೆರೆ ಎಲ್ಲಿದೆ ಎಂಬುದನ್ನು ಲಿಖಿತವಾಗಿ ಕೇಳಿ. ‘ಹಸಿರು’ ಎಂಬ ಹಣೆಪಟ್ಟಿಯ ನಿಧಿಯೊಳಗೆ ತೈಲ ಕಂಪನಿ ಕುಳಿತಿರುವುದನ್ನು ನಾನು ಬೇಕಾದಷ್ಟು ಸಲ ನೋಡಿದ್ದೇನೆ.

ವಂತಿಗೆ ಆಧಾರಿತ ನಿಧಿಯಾಗಿದ್ದರೆ, ನಿಮ್ಮ ಪಾಲನ್ನು ಮಾತ್ರ ಪಳೆಯುಳಿಕೆ ಇಂಧನವಿಲ್ಲದ ಆಯ್ಕೆಗೆ ವರ್ಗಾಯಿಸಲು ಸಾಧ್ಯವೇ ವಿಚಾರಿಸಿ. ಇತರರನ್ನು ಒಪ್ಪಿಸುವ ಗೋಜು ಇರುವುದಿಲ್ಲ. ಶುಲ್ಕ ಎಷ್ಟು ಹೆಚ್ಚು ಎಂದು ನೋಡಿಕೊಳ್ಳಿ. ನ್ಯಾಯಾಲಯದ ದಾರಿಯನ್ನು, ಮೇಲೆ ಹೇಳಿದ ಕಾರಣಗಳಿಗಾಗಿ, ನಿಮ್ಮ ಸಂಘಕ್ಕೆ ನಾನು ಸೂಚಿಸಲಾರೆ.

ನೀವು ಕೇಳದ ಒಂದು ವಿಷಯ ಉಳಿದಿದೆ. ಸಹಿ ಹಾಕಿದವರೆಲ್ಲ ನಿವೃತ್ತರು. ನಷ್ಟವಾದರೆ ತುಂಬಿಕೊಡಬೇಕಾದವರಲ್ಲಿ ಈಗ ಕೆಲಸದಲ್ಲಿರುವವರು ಸೇರಿರಬಹುದು ಎಂದು ಆಗಲೇ ಹೇಳಿದೆ. ‘ನಿಮ್ಮ ಪಿಂಚಣಿ ಭದ್ರ, ಪ್ರಯೋಗ ನಮ್ಮ ಮೇಲೆಯೇ?’ ಎಂದು ಅವರು ಕೇಳಿದರೆ ನ್ಯಾಯವಾದ ಪ್ರಶ್ನೆಯೇ. ಅದೇ ಹೊತ್ತಿಗೆ, ಇಂದು ಸೇರಿದ ಇಪ್ಪತ್ತೈದರ ನೌಕರನಿಗೆ ನಿಧಿ ಅರುವತ್ತು ವರ್ಷದ ನಂತರವೂ ಹಣ ಕೊಡುತ್ತಿರಬೇಕು. ತೈಲದ ಬೇಡಿಕೆ ಕುಸಿದರೆ ಪೆಟ್ಟು ತಿನ್ನುವವನೂ ಅವನೇ. ಹಾಗಾಗಿ ಮುಂದಿನ ಪತ್ರದಲ್ಲಿ ಅವರ ಸಹಿಯೂ ಇರಲಿ. ಸದಸ್ಯರೆಲ್ಲರ ಅಭಿಪ್ರಾಯ ಸಂಗ್ರಹಿಸಲು ನಿಧಿಯನ್ನೇ ಕೇಳಿದರೆ ಇನ್ನೂ ಒಳ್ಳೆಯದು. ‘ಸದಸ್ಯರು ಕಾಳಜಿಯನ್ನು ಹಂಚಿಕೊಳ್ಳುತ್ತಾರೆ’ ಎಂಬುದಕ್ಕೆ ನಾನೂರು ಸಹಿ ಸಾಕಾಗುವುದಿಲ್ಲ, ಸಮೀಕ್ಷೆ ಸಾಕಾಗಬಹುದು.

ಮನವಿಯ ಬದಲು ಪ್ರಶ್ನೆಪತ್ರ ಕಳುಹಿಸಿ, ಅದು ನಿಮಗೆ ಅಭ್ಯಾಸವಾದ ಕೆಲಸವೇ. ಕಲ್ಲಿದ್ದಲು, ತೈಲ, ಅನಿಲದಲ್ಲಿ ಷೇರು ಎಷ್ಟು, ಬಾಂಡ್ ಎಷ್ಟು, ಖಾಸಗಿ ಹೂಡಿಕೆ ಎಷ್ಟು? ಪ್ರತಿ ಬಾಂಡ್ ಯಾವ ವರ್ಷ ಮುಗಿಯುತ್ತದೆ? ಬೇಡಿಕೆ ಬೇಗ ಕುಸಿದರೆ ಇವುಗಳ ಮೌಲ್ಯ ಏನಾಗುತ್ತದೆ ಎಂದು ಲೆಕ್ಕ ಹಾಕಿದ್ದೀರಾ, ಹಾಕಿದ್ದರೆ ಯಾವಾಗ? ಕಳೆದ ಮೂರು ವರ್ಷ ಷೇರುದಾರರ ಸಭೆಗಳಲ್ಲಿ ಹೇಗೆ ಮತ ಹಾಕಿದಿರಿ? ‘ಅವಕಾಶವಿಲ್ಲ’ ಎಂದಿರಲ್ಲ, ಯಾವ ಕಾಯ್ದೆಯ ಯಾವ ಕಲಮು? ಇವುಗಳಿಗೆ ಎರಡು ಸಾಲಿನಲ್ಲಿ ಉತ್ತರಿಸಲು ಬರುವುದಿಲ್ಲ. ಉತ್ತರವೇ ಬಾರದಿದ್ದರೆ ವಾರ್ಷಿಕ ಸಭೆಯಲ್ಲಿ ಒಂದನ್ನು ಮಾತ್ರ ಆರಿಸಿ ಕೇಳಿ, ಭಾಷಣ ಬೇಡ.

ಕರಡು ಬರೆಯಲು ಆ ಬ್ಯಾಂಕ್ ಗೆಳೆಯರನ್ನೇ ಕರೆಯಿರಿ. ಹಿಂದಿನದಕ್ಕೆ ಅವರು ಸಹಿ ಹಾಕದಿದ್ದರೂ ಪರವಾಗಿಲ್ಲ. ಬಾಂಡ್‌ಗಳ ಅನುಬಂಧ ಓದಲು ಬಲ್ಲವರು ನಿಮ್ಮ ಸಂಘದಲ್ಲಿ ಬಹುಶಃ ಅವರೊಬ್ಬರೇ.